ಮಸಿ ತೊಳೆದವಳು

ಸಿಂಗಪುರದಲ್ಲಿ ನಾನು ಮೊದಲು ಮುಟ್ಟಿದ ಮಣ್ಣು ಸಿಂಗಪುರದ್ದಲ್ಲ. ಬೈಬಲಿನ ನಾಡಿನಲ್ಲಿ ಅಗೆದ ಮಡಕೆಚೂರುಗಳು ಅಧ್ಯಯನಕ್ಕೆಂದು ಚೀಲಗಳಲ್ಲಿ ಇಲ್ಲಿಗೆ ಬಂದಿದ್ದವು. ಅವಕ್ಕೆ ಅಂಟಿದ ಮಣ್ಣು ಅದು. ಏಸಿ ಕೋಣೆಯಲ್ಲಿ ಕೂತು ಅದನ್ನು ತೊಳೆಯುವುದೇ ನನ್ನ ಉದ್ಯೋಗ. ಕಿಟಕಿಯಾಚೆ ಈ ಊರಿನ ಮಣ್ಣೆಲ್ಲ ಹುಲ್ಲು, ಕಾಂಕ್ರೀಟಿನ ಅಡಿ ಅಡಗಿತ್ತು.

ಸಿಂಗಪುರದ ಬಡಾವಣೆಯಾದ ಚೋವಾ ಚು ಕಾಂಗ್‌ನಲ್ಲಿ, ನಮ್ಮ ಮೈಸೂರಿನವರೇ ಆದ ಸುಧಾ ಆಂಟಿಯ ಫ್ಲ್ಯಾಟಿನಲ್ಲಿ ಒಂದು ಕೋಣೆ ಹಿಡಿದೆ. ಒಗ್ಗರಣೆಯ ಘಾಟಿಗೆ ಪಕ್ಕದವರು ಕೆಮ್ಮಬಾರದೆಂದು ಆಂಟಿ ಕಿಟಕಿ ಮುಚ್ಚುತ್ತಿದ್ದರು. ಕೆಮ್ಮುವವರು ನಾವೇ.

ನಮ್ಮ ಕಡೆಯ ಉತ್ಖನನಗಳಲ್ಲಿ ನಾನು ಕಂಡ ಚೂರುಗಳ ಮೇಲೆ ಗುರುತುಗಳನ್ನು ಗೀಚಿರುತ್ತಿದ್ದರು. ಬ್ರಶ್ಶಿನಿಂದ ತಿಕ್ಕಿದಷ್ಟೂ ನಿಚ್ಚಳ. ಬೈಬಲಿನ ನಾಡಿನವರು ಬರೆದದ್ದು ಮಸಿಯಲ್ಲಿ; ತಿಕ್ಕಿದರೆ ಅಳಿಸಿಹೋಗುತ್ತದೆ. ಚೂರನ್ನು ನೀರಿಗೆ ಅದ್ದಿ, ಬೆಳಕಿಗೆ ಹಿಡಿದು, ಬರಹವಿಲ್ಲವೆಂದು ಖಾತ್ರಿಯಾದ ಮೇಲೆಯೇ ಬ್ರಶ್ ಮುಟ್ಟಬೇಕು. ಆ ಚೂರುಗಳನ್ನು ಅಗೆದು ತಂದ, ನನ್ನನ್ನು ಕೆಲಸಕ್ಕಿಟ್ಟುಕೊಂಡ ಪ್ರೊಫೆಸರ್ ಇದನ್ನು ಮೊದಲ ದಿನವೇ ಹೇಳಿದ್ದರು. ಹನ್ನೊಂದು ಬೇಸಿಗೆ ಅಗೆದರೂ ಅವರಿಗೆ ಬರೆದ ಪದ ಒಂದೂ ಸಿಕ್ಕಿರಲಿಲ್ಲ.

ಒಂದು ಮಂಗಳವಾರ ನನ್ನ ಕೈ ಹಳೆಯ ಚಾಳಿಗೆ ಬಿತ್ತು. ಅದ್ದಿದೆ, ನೋಡದೆ ತಿಕ್ಕಿದೆ. ಬ್ರಶ್ಶಿನಡಿ ಮೂರು ಅಕ್ಷರಗಳಂಥವು ಕಂಡವು; ಕೈ ನಿಲ್ಲುವಷ್ಟರಲ್ಲಿ ಬೂದು ನೀರಾಗಿ ಹರಿದುಹೋದವು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಸುಮ್ನೆ ಇದ್ಬಿಡಮ್ಮ, ಯಾರು ನೋಡಿದ್ರು?” ಎಂದರು ಆಂಟಿ, ರಾತ್ರಿ ನಾನು ವಿಷಯ ಹೇಳಿದಾಗ. “ಮುಂದಿನ್ ತಿಂಗ್ಳು ನಿನ್ ಕೆಲ್ಸದ್ ಪಾಸ್ ರಿನ್ಯೂ ಆಗ್ಬೇಕು. ಕ್ಯಾನ್ಸಲ್ ಮಾಡ್ಸಿದ್ರೆ ಏನ್ ಮಾಡ್ತೀಯಾ?”

“ಅವ್ರು ಅಷ್ಟು ವರ್ಷದಿಂದ ಹುಡುಕ್ತಿದ್ದಿದ್ದೇ ಇದು, ಆಂಟಿ.”

ಮರುದಿನ ಬೆಳಿಗ್ಗೆ ಹೇಳಿಬಿಟ್ಟೆ. ಪ್ರೊಫೆಸರ್ ಚೂರನ್ನು ದೀಪದಡಿ ತಿರುಗಿಸಿ ತಿರುಗಿಸಿ ನೋಡಿದರು. ಮಾಸಿದ ಮಸಿಯನ್ನು ಹಿಡಿಯುವ ವಿಶೇಷ ಕ್ಯಾಮರಾದಲ್ಲೂ ಏನೂ ಬರಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು, ಅವರು ಬೈಯಲಿಲ್ಲ. “ನಿನ್ನ ಪಾಸ್ ಮುಂದುವರಿಸುತ್ತೇನೆ,” ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. “ಅದನ್ನು ನೋಡಿದವಳು ನೀನೊಬ್ಬಳೇ.”

ಅಂದಿನಿಂದ ಪ್ರತಿ ಶುಕ್ರವಾರ ನನ್ನೆದುರು ಬಿಳಿ ಹಾಳೆ ಇಡುತ್ತಾರೆ. ನೆನಪಿನಿಂದ ಆ ಮೂರನ್ನು ಬರೆಯಬೇಕು. ಒಂದು ವಾರದಂತೆ ಇನ್ನೊಂದು ವಾರ ಬರುವುದಿಲ್ಲ. ಮೈಸೂರಿಗೆ ಮರಳಿಬಿಡೋಣ ಎಂದು ದಿನವೂ ಅನಿಸುತ್ತದೆ; ಹೊರಟರೆ ಅವರ ಕೊನೆಯ ಆಸೆಯನ್ನೂ ಹೊತ್ತೊಯ್ದಂತೆ. ಈ ಊರು ನನ್ನನ್ನು ಇಟ್ಟುಕೊಂಡಿರುವುದು ನಾನು ಅಳಿಸಿದ್ದಕ್ಕಾಗಿ.

ಕಳೆದ ಶುಕ್ರವಾರ ನಾನು ಬರೆದ ಮೂರನೆಯ ಅಕ್ಷರ ನಮ್ಮ ಕನ್ನಡದ ‘ರ’ವೇ ಆಗಿತ್ತು. ಪೆನ್ನು ಎತ್ತಿದ ಮೇಲೆ ಗೊತ್ತಾಯಿತು. ಕನ್ನಡ ಬಾರದ ಆ ಮನುಷ್ಯ ಹಾಳೆಯನ್ನು ಬೆಳಕಿಗೆ ಹಿಡಿದರು. ತಾವು ಹುಡುಕುತ್ತಿದ್ದ ಅಕ್ಷರವೇ ಸಿಕ್ಕಿತೆಂಬಂತೆ, ಎಷ್ಟೋ ತಿಂಗಳ ಮೇಲೆ ಅವರ ಮುಖ ಅರಳಿತು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ.