ಹೌದು ಅನ್ನುವವರೆಗೂ ಓಟು

ಕಳೆದ ವಾರ ನಮ್ಮೂರ ಹಾಲಿನ ಡೇರಿಯ ಓಟಿನಲ್ಲಿ ನಾನು ಗೆದ್ದೆ. ಗೆದ್ದ ಸಿಟ್ಟು ಇನ್ನೂ ಇಳಿದಿಲ್ಲ.

(ಸೋತ ಸಿಟ್ಟು ಗೊತ್ತು, ಗೆದ್ದ ಸಿಟ್ಟು ಎಂಥದ್ದು ಅಂತೀರಾ? ಹೇಳುತ್ತೇನೆ.)

ಗುಡ್ನಾಪುರದ ಕೆರೆ ದಾಟಿ ಸ್ವಲ್ಪ ದೂರ ಬಂದರೆ ನಮ್ಮೂರು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ರಿಟೈರಾದ ಮೇಲೆ ಒಂದು ಆಕಳು ಕಟ್ಟಿದೆ. ಆಕಳು ಕಟ್ಟಿದ್ದರಿಂದ ಊರಿನ ಮಹಿಳಾ ಹಾಲು ಸಂಘದ ಸದಸ್ಯೆಯೂ ಆದೆ. ಹೆಂಗಸರೇ ಕಟ್ಟಿದ ಸಂಘ ಅದು. ಇರುವ ಎರಡು ಕೋಣೆಗೆ ಕಲ್ಲು ಹೊತ್ತವರೂ ಅವರೇ. ಕಾರ್ಯದರ್ಶಿ ಶಶಿಕಲಾ ನನ್ನ ಹಳೆಯ ವಿದ್ಯಾರ್ಥಿನಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು, ಹಾಲು ಅಳೆದು, ಫ್ಯಾಟ್ ನೋಡಿ, ವ್ಯಾನಿಗೆ ಕ್ಯಾನು ಏರಿಸುವವಳು ಅವಳು.

ಈ ಸಂಘವನ್ನು ಮೂರು ಕಿಲೋಮೀಟರ್ ಆಚೆಯ ದೊಡ್ಡ ಊರಿನ ಸಂಘದ ಜೊತೆ ವಿಲೀನ ಮಾಡಬೇಕು ಅಂತ ಮಳೆಗಾಲಕ್ಕೆ ಮುಂಚೆ ಸಹಕಾರ ಇಲಾಖೆಯಿಂದ ಒಂದು ನೋಟಿಸು ಬಂತು. ಅಲ್ಲಿ ಹಾಲು ತಂಪು ಮಾಡುವ ಮಷಿನ್ ಇದೆ. ವ್ಯಾನು ತಡವಾದರೂ ಚಿಂತೆಯಿಲ್ಲ. ಬೇಸಿಗೆಯಲ್ಲಿ ಕ್ಯಾನುಗಟ್ಟಲೆ ಹಾಲು ಒಡೆದು ಹೋದದ್ದನ್ನು ಕಣ್ಣಾರೆ ಕಂಡವಳು ನಾನು. ಹಾಗಾಗಿ ಸಭೆಯಲ್ಲಿ ಎದ್ದು ನಿಂತು 'ಸೇರೋಣ' ಅಂದೆ. ಈಗಲೂ ನನ್ನ ಅಭಿಪ್ರಾಯ ಅದೇ.

ಗಂಗವ್ವ ಒಪ್ಪಲಿಲ್ಲ. ಗಂಗವ್ವನಿಗಿರುವುದು ಒಂದು ಎಮ್ಮೆ, ದಿನಕ್ಕೆ ಎರಡು ಲೀಟರ್ ಹಾಲು, ಸವೆದ ಮೊಣಕಾಲು.

"ಅಕ್ಕೋರ, ನಿಮಗ ಸ್ಕೂಟಿ ಐತಿ," ಅಂದಳು. (ನಮ್ಮ ಕಡೆ ಟೀಚರಮ್ಮನನ್ನು ಕರೆಯುವುದೇ ಹಾಗೆ.) "ನಾ ಈ ಕಾಲ ಎಳಕೊಂಡು ಅಷ್ಟು ದೂರ ಹೆಂಗ ಹೋಗ್ಲಿ? ಅಲ್ಲಿ ಕಮಿಟಿಯಾಗ ಕುಂತೋರೆಲ್ಲ ಗಂಡಸ್ರು. ನನ್ನ ಎರಡು ಲೀಟರಿಗೆ ಯಾರು ಕಾಯ್ತಾರ? ಇಲ್ಲಿ ತಡ ಆದ್ರ ಶಶಿ ಮನಿ ಮುಂದ ಬಂದು ಕೂಗ್ತಾಳ."

ಕೈ ಎತ್ತಿಸಿದರು. ಬೇಡ ಅನ್ನುವ ಕೈಗಳೇ ಹೆಚ್ಚು. ನಾನು ಸೋತೆ. ಚಹಾ ಕುಡಿದು ಎಲ್ಲರೂ ಮನೆಗೆ ಹೋದೆವು. ಗಂಗವ್ವನೂ ನಾನೂ ದಾರಿಯುದ್ದಕ್ಕೂ ಎಮ್ಮೆಯ ಕೆಚ್ಚಲು ಬಾವಿನ ವಿಷಯ ಮಾತಾಡಿಕೊಂಡು ಹೋದೆವು. ಮುಗಿಯಿತಲ್ಲ?

ಮುಗಿಯಲಿಲ್ಲ. ತಿಂಗಳಿಗೆ ಇನ್ನೊಂದು ನೋಟಿಸು. ವಿಷಯ: ವಿಲೀನ.

ಈ ಸಲ ಇಲಾಖೆಯ ಅಧಿಕಾರಿಯೊಬ್ಬರೇ ಬಂದಿದ್ದರು. ಒಳ್ಳೆಯ ಮಾತುಗಾರ. "ಹೋದ ಸಲ ನಿಮಗೆ ವಿಷಯ ಸರಿಯಾಗಿ ತಿಳಿದಿರಲಿಲ್ಲ. ಅದಕ್ಕೇ ವಿವರವಾಗಿ ಹೇಳೋಣ ಅಂತ ಬಂದೆ," ಅಂದರು.

ಗಂಗವ್ವ ಕೂತಲ್ಲಿಂದಲೇ ಹೇಳಿದಳು: "ತಿಳದೇ ಬ್ಯಾಡ ಅಂದೇವ್ರಿ, ಸಾಹೇಬ್ರ."

ಹೆಂಗಸರೆಲ್ಲ ನಕ್ಕರು. ಓಟು ಹಾಕಿಸಿದರೆ ಮತ್ತೆ ಬೇಡ. ಮೊದಲಿಗಿಂತ ನಾಲ್ಕು ಕೈ ಜಾಸ್ತಿಯೇ.

ನಾನು ಮಾತ್ರ ನಗಲಿಲ್ಲ. 'ನಿಮಗೆ ತಿಳಿದಿರಲಿಲ್ಲ' ಅನ್ನುವ ಆ ಮಾತು ನನ್ನದೇ ಬಾಯಿಂದ ಹಿಂದೊಮ್ಮೆ ಬಂದಿತ್ತು. ಎಲ್ಲಿ ಗೊತ್ತೇ? ಹತ್ತನೇ ಕ್ಲಾಸಿನಲ್ಲಿ, ಯುರೋಪಿನ ಒಕ್ಕೂಟದ ಪಾಠ ಮಾಡುವಾಗ.

ಆ ಪಾಠ ನನಗೆ ಬಲು ಇಷ್ಟ. ಕಾದಾಡಿ ಕೋಟಿಗಟ್ಟಲೆ ಜನರನ್ನು ಕೊಂದುಕೊಂಡ ದೇಶಗಳು ಒಂದಾದವು, ಗಡಿಗಳಲ್ಲಿ ಗೇಟು ತೆಗೆದವು, ಬಹಳಷ್ಟು ದೇಶಗಳು ಒಂದೇ ದುಡ್ಡು ಬಳಸುತ್ತವೆ ಅಂತ ಉತ್ಸಾಹದಿಂದ ಹೇಳುತ್ತಿದ್ದೆ. ಒಕ್ಕೂಟದ ಒಂದು ಒಪ್ಪಂದಕ್ಕೆ ಐರ್ಲೆಂಡಿನ ಜನ ಓಟು ಹಾಕಿ ಬೇಡ ಅಂದರು, ಎರಡನೇ ಸಲ ಕೇಳಿದಾಗ ಹೌದು ಅಂದರು ಅಂತಲೂ ಹೇಳಿದ್ದೆ. ಆಗ ಹಿಂದಿನ ಬೆಂಚಿನಿಂದ ಶಶಿಕಲಾ ಎದ್ದು ಕೇಳಿದ್ದಳು: "ಬ್ಯಾಡ ಅಂದ ಮ್ಯಾಲ ಮತ್ಯಾಕ ಕೇಳಿದ್ರು, ಅಕ್ಕೋರ?"

"ಮೊದಲ ಸಲ ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಕೂತ್ಕೋ," ಅಂದಿದ್ದೆ.

ಕೂತುಕೊಂಡಿದ್ದಳು. ನಾನು ಮುಂದಿನ ಪುಟಕ್ಕೆ ಹೋಗಿದ್ದೆ.

ಎಷ್ಟು ಸಲೀಸಾಗಿ ಹೇಳಿಬಿಟ್ಟೆ ನೋಡಿ! ಐರ್ಲೆಂಡಿನವರಿಗೆ ಹೀಗಾದದ್ದು ಒಂದು ಸಲ ಅಲ್ಲ, ಎರಡು ಬೇರೆ ಬೇರೆ ಒಪ್ಪಂದಗಳಲ್ಲಿ. ಅದಕ್ಕೂ ಮುಂಚೆ ಡೆನ್ಮಾರ್ಕಿನವರಿಗೆ. ಫ್ರಾನ್ಸಿನ ಜನ, ನೆದರ್ಲೆಂಡ್ಸಿನ ಜನ ಒಕ್ಕೂಟದ ಸಂವಿಧಾನವೇ ಬೇಡ ಅಂದರು. ನಾಯಕರು ಅದರ ಬಹುಪಾಲನ್ನು ಬೇರೆ ಹೆಸರಿನ ಒಪ್ಪಂದಕ್ಕೆ ತುಂಬಿ, ಆಮೇಲೆ ಅವರನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಎರಡನೇ ಸಲ ಕೇಳುವಾಗ ಕೆಲವು ಭರವಸೆ, ವಿನಾಯಿತಿ ಕೊಟ್ಟಿದ್ದರು, ನಿಜ. ಜನರ ಮನಸ್ಸು ಬದಲಾಗಬಹುದು, ಅದೂ ನಿಜ. ಆದರೆ ಜನ ಹೌದು ಅಂದ ಮೇಲೆ, 'ನಿಮಗೆ ತಿಳಿದಿರಲಿಲ್ಲ, ಇನ್ನೊಮ್ಮೆ ಯೋಚಿಸಿ' ಅಂತ ಕೇಳಿಕೊಂಡು ಬಂದವರು ಯಾರಾದರೂ ಇದ್ದಾರಾ? ಅಲ್ಲಿನ ಜನಕ್ಕೆ ಒಕ್ಕೂಟದ ಮೇಲೆ ನಂಬಿಕೆ ಯಾಕೆ ಹೋಯಿತು ಅಂತ ದೊಡ್ಡ ದೊಡ್ಡವರು ಪುಸ್ತಕ ಬರೆಯುತ್ತಾರೆ. ನಮ್ಮ ಗಂಗವ್ವನನ್ನು ಕೇಳಿದ್ದರೆ ಒಂದು ಲೋಟ ಮಜ್ಜಿಗೆ ಕುಡಿಯುವುದರೊಳಗೆ ಹೇಳಿ ಮುಗಿಸುತ್ತಿದ್ದಳು.

ಮೂರನೇ ನೋಟಿಸು ಬಂದದ್ದು ನಾಟಿ ಹೊತ್ತಿಗೆ. ಸೋಮವಾರ ಹನ್ನೊಂದು ಗಂಟೆಗೆ ಸಭೆ. ಒಳ್ಳೆಯ ಮಳೆ ಬಿದ್ದು ಗದ್ದೆ ಹದವಾದಾಗ ಹನ್ನೊಂದು ಗಂಟೆಗೆ ಯಾವ ಹೆಂಗಸು ಮನೆಯಲ್ಲಿರುತ್ತಾಳೆ? ಸಸಿ ಕಿತ್ತಾಗಿದೆ, ಆಳು ಸಿಕ್ಕಿದ್ದಾರೆ, ಬಿಟ್ಟರೆ ಮತ್ತೆ ಸಿಗುವುದಿಲ್ಲ.

ಸಭೆಗೆ ಹೋದರೆ ಅರ್ಧಕ್ಕರ್ಧ ಚಾಪೆ ಖಾಲಿ. ಶಶಿಕಲಾ ಅಧಿಕಾರಿಗೆ ಕೈ ಮುಗಿದು ಕೇಳಿದಳು: "ಸರ್, ನಾಟಿ ಮುಗೀಲಿ. ಮುಂದಿನ ವಾರ ಇಟ್ಕೊಳ್ಳೋಣ್ರಿ."

"ನೋಟಿಸು ಟೈಮಿಗೆ ಸರಿಯಾಗಿ ಕೊಟ್ಟಿದ್ದೇವಲ್ಲಮ್ಮ. ಕೋರಂ ಇದೆ. ಬಂದವರು ಬಂದರು."

ಕೈ ಎತ್ತಿ ಅಂದರು. ಈಗ ನಾನೇನು ಮಾಡಿದೆ ಅಂತ ಬರೆಯಲು ಎರಡು ದಿನ ಹಿಂದೆ ಮುಂದೆ ನೋಡಿದ್ದೇನೆ. ಕೈ ಎತ್ತಿದೆ. ಮೊದಲಿಂದಲೂ ನನ್ನದು ಇದೇ ಅಭಿಪ್ರಾಯ, ಅದನ್ನು ಯಾಕೆ ಬದಲಿಸಲಿ ಅಂದುಕೊಂಡೆ. ಮೂವತ್ತೈದು ವರ್ಷ ಸಮಾಜ ವಿಜ್ಞಾನ ಕಲಿಸಿದವಳಿಗೆ, ಆ ಹೊತ್ತಿನಲ್ಲಿ ಕೇಳುತ್ತಿದ್ದ ಪ್ರಶ್ನೆ ಹಾಲಿನ ಮಷಿನ್ನಿನದ್ದಲ್ಲ ಅಂತ ಹೊಳೆಯಲಿಲ್ಲ.

ನಿರ್ಣಯ ಪಾಸಾಯಿತು. ಅಧಿಕಾರಿ ಚಪ್ಪಾಳೆ ತಟ್ಟಿದರು. "ಕೊನೆಗೂ ಜನ ಅರ್ಥ ಮಾಡ್ಕೊಂಡ್ರು," ಅಂದರು.

ಅಷ್ಟರಲ್ಲಿ ಗಂಗವ್ವ ಬಂದಳು. ಯಾರೋ ಗದ್ದೆಗೆ ಹೋಗಿ ಸುದ್ದಿ ಮುಟ್ಟಿಸಿದ್ದರು. ಮೊಣಕಾಲವರೆಗೂ ಕೆಸರು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಏದುಸಿರು. ಬಾಗಿಲಲ್ಲೇ ನಿಂತು ಎಲ್ಲರ ಮುಖ ನೋಡಿದಳು. ಆಮೇಲೆ ನನ್ನನ್ನು.

"ನೀವೂ ಕೈ ಎತ್ತಿದ್ರೇನ್ರಿ, ಅಕ್ಕೋರ?"

"ಎತ್ತಿದೆ, ಗಂಗವ್ವ. ನನಗೆ ಮೊದಲಿಂದಲೂ..."

"ಅದು ಗೊತ್ತೈತ್ರಿ. ನೀವು ಸೇರೋಣ ಅಂದಿದ್ದು ತಪ್ಪಲ್ಲ. ನಾವು ಇಲ್ಲದಾಗ ಅಂದ್ರಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಾಗೇ ತಿರುಗಿ ಹೋದಳು. ಮಾರನೇ ಬೆಳಿಗ್ಗೆ ಡೇರಿಯಲ್ಲಿ ಎಂದಿನಂತೆ ನನ್ನ ಪಕ್ಕವೇ ನಿಂತಳು, ತನ್ನ ಎರಡು ಲೀಟರ್ ಅಳೆಸಿ ನನಗಿಂತ ಮುಂಚೆ ಹೊರಟಳು.

ಸಿಟ್ಟು ಬಂದದ್ದು ಆಮೇಲೆ. ಬಂದದ್ದು ಬಂತು, ಬೆಂಕಿಯಂತೆ ಬಂತು. ಸೇರುವುದು ಒಳ್ಳೆಯದೇ ಆಗಿದ್ದರೆ ಗದ್ದೆಯಲ್ಲಿದ್ದವರನ್ನು ಕಾಯುವುದಕ್ಕೆ ಏನು ಭಯ? ಎರಡು ಲೀಟರಿನವರ ಹಾಲಿಗಾಗಿ ನಮ್ಮೂರಲ್ಲೇ ಒಂದು ಕ್ಯಾನು ಇಡುತ್ತೇವೆ, ಕಮಿಟಿಯಲ್ಲಿ ಹೆಂಗಸರಿಗೂ ಜಾಗ ಕೊಡುತ್ತೇವೆ ಅಂತ ಬರೆದುಕೊಟ್ಟಿದ್ದರೆ ಗಂಗವ್ವನೇ ಮೊದಲು ಕೈ ಎತ್ತುತ್ತಿದ್ದಳೋ ಏನೋ. ಅವಳ ಪ್ರಶ್ನೆಗೆ ಮೂರು ಸಭೆಯಲ್ಲೂ ಯಾರೂ ಉತ್ತರ ಹೇಳಲಿಲ್ಲ. ಪ್ರಶ್ನೆಗೆ ಉತ್ತರ ಕೊಡುವ ಬದಲು ಪ್ರಶ್ನೆ ಕೇಳಿದವಳು ಗದ್ದೆಯಲ್ಲಿರುವ ದಿನ ಹುಡುಕಿದರು. ನಾನು ಅದಕ್ಕೆ ಕೈ ಜೋಡಿಸಿದೆ. ಥೂ!

ಸದಸ್ಯರು ಇಷ್ಟು ಜನ ಸಹಿ ಮಾಡಿ ಕೇಳಿದರೆ ವಿಶೇಷ ಸಭೆ ಕರೆಯಬೇಕು ಅಂತ ಸಂಘದ ನಿಯಮದಲ್ಲೇ ಇದೆ. ಶಶಿಕಲಾ ಆ ಪುಸ್ತಕ ತೆಗೆದು ತೋರಿಸಿದಳು. ಎಲ್ಲರೂ ಇರುವ ದಿನ ಮತ್ತೆ ಓಟು ಹಾಕಿಸಿ ಅಂತ ಅರ್ಜಿ ಬರೆದವಳು ನಾನು. ಮೊದಲ ಸಹಿಯೂ ನನ್ನದೇ. ಎರಡನೆಯದು ಗಂಗವ್ವನದು. ನಾನು ಪೆನ್ನು ಕೊಡುವಾಗ, "ಈಗಲೂ ಸೇರೋಣ ಅಂತೀರೇನು?" ಅಂದಳು. "ಅಂತೀನಿ," ಅಂದೆ. "ಹಂಗಾದ್ರ ನಾ ಬ್ಯಾಡ ಅಂತೀನಿ," ಅಂದು ದೊಡ್ಡಕ್ಷರದಲ್ಲಿ ಸಹಿ ಮಾಡಿದಳು.

ಗುರುವಾರ ಮೂವರೂ ಬಸ್ಸಿನಲ್ಲಿ ಶಿರಸಿಯ ಇಲಾಖೆ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು. ಅದೇ ಅಧಿಕಾರಿ. ಓದಿದರು. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು.

"ಟೀಚರ್, ಓದಿದವರು ನೀವು. ಒಮ್ಮೆ ತೀರ್ಮಾನ ಆದ ಮೇಲೆ ಮುಗೀತು. ಪದೇ ಪದೇ ಓಟು ಹಾಕ್ತಾ ಕೂರೋಕೆ ಆಗುತ್ತಾ? ಬಹುಮತಕ್ಕೆ ಗೌರವ ಕೊಡೋದನ್ನ ಕಲೀಬೇಕು."

ಹಾಗಾದರೆ ಸ್ವಾಮಿ, ನಮ್ಮ ಮೊದಲಿನ ಎರಡು ಬಹುಮತಗಳು ಯಾವ ಲೆಕ್ಕಕ್ಕೆ?