ಮಂಗಳವಾರದ ಮಾತ್ರೆ

ಮುಂಬೈ ಲೋಕಲ್ ರೈಲು ದಿವಾ ಸ್ಟೇಷನ್ ದಾಟುವಷ್ಟರಲ್ಲಿ ಶಾರದಕ್ಕ ನನ್ನ ಹೆಗಲಿಗೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಥಾಣೆಯಲ್ಲಿ ಇಳಿದವರೇ ಕಾಫಿಪುಡಿ ಕಲಸಿದಂಥ ಕಪ್ಪು ವಾಂತಿ ಮಾಡಿಕೊಂಡರು. ಡೊಂಬಿವಲಿಯಿಂದ ದಿನವೂ ಲೇಡೀಸ್ ಡಬ್ಬದಲ್ಲಿ ಜೊತೆಯಾಗಿ ಹೋಗುವವರು ನಾವು. ಸವೆದ ಮಂಡಿಯ ನೋವು, ಊತಕ್ಕೆ ಅವರು ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗುತ್ತಿದ್ದರು. ಊಟವಾದ ಮೇಲೆ ಎಂದು ಡಾಕ್ಟರು ಹೇಳಿದ್ದರು.

ಆಸ್ಪತ್ರೆಯಲ್ಲಿ, ಬೆಳಿಗ್ಗೆ ಏನು ತಿಂದಿರಿ ಎಂದು ಅಲ್ಲಿನ ಡಾಕ್ಟರು ಕೇಳಿದಾಗ ಶಾರದಕ್ಕ ನನ್ನತ್ತ ತಿರುಗಿದರು. "ಇವತ್ತು ಮಂಗಳವಾರ ಅಲ್ವಾ ಮಾರಾಯ್ತಿ, ನೀರು ಬಿಟ್ರೆ ಎಂತದೂ ಇಲ್ಲ. ಮಾತ್ರೆ ನುಂಗಿದ್ರೆ ಉಪವಾಸ ಮುರಿಯುದಿಲ್ಲ."

ಡಬ್ಬದ ಮರಾಠಿ ಗೆಳತಿಯರಿಂದ ಕಲಿತ ಗಣಪತಿಯ ಉಪವಾಸ ಅದು. ಆ ಗೆಳತಿಯರು ಸಬ್ಬಕ್ಕಿಯ ಖಿಚಡಿಯಾದರೂ ತಿನ್ನುತ್ತಾರೆ. ಇವರು ಅದನ್ನೂ ಮುಟ್ಟುತ್ತಿರಲಿಲ್ಲ. ಹೊಟ್ಟೆಯುರಿಯನ್ನು ಉಪವಾಸದ್ದೆಂದೇ ಸಹಿಸಿಕೊಂಡಿದ್ದರು. ಒಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು. ಉರಿ ಶುರುವಾದಾಗಲೇ ಬಂದು ತೋರಿಸಬೇಕಿತ್ತು ಎಂದು ಡಾಕ್ಟರು ಗದರಿ ಆ ಮಾತ್ರೆ ನಿಲ್ಲಿಸಿದರು.

ಈಗ ಶಾರದಕ್ಕ ಮಂಡಿನೋವಿನಲ್ಲಿ ನನ್ನ ತೋಳು ಹಿಡಿದು ನಿಧಾನವಾಗಿ ಸ್ಟೇಷನ್ನಿನ ಸೇತುವೆ ಹತ್ತುತ್ತಾರೆ. ಅಷ್ಟರಲ್ಲಿ ನಮ್ಮ ಲೋಕಲ್ ಹೊರಟುಹೋಗಿರುತ್ತದೆ. ಮೊನ್ನೆ ಮಂಗಳವಾರ ಬೆಂಚಿನ ಮೇಲೆ ಕೂತು ಇಡ್ಲಿಯ ಡಬ್ಬಿ ತೆರೆದವರು, ಮೊದಲ ತುತ್ತಿಗೆ ಮುಂಚೆ ಮೆಲ್ಲಗೆ ಹೇಳಿದರು: "ಈ ಮಂಡಿ ವಾಸಿಯಾಗ್ಲಿ ಅಂತಲೇ ನಾನು ಉಪವಾಸ ಹಿಡಿದದ್ದು."