ಮುಂದೊಗಲಿನ ಬಿಗಿತ ಮತ್ತು ನಮ್ಮ ಲಗ್ನ

ಮೊನ್ನೆ ನಮ್ಮಾಕೆ ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳಲು ಪೇಟೆಯಿಂದ ಒಂದು ಮುಲಾಮು ತರಿಸಿದ್ದಳು. ಡಬ್ಬಿಯ ಮುಚ್ಚಳ ತೆಗೆದಳೋ ಇಲ್ಲವೋ, ಆ ವಾಸನೆ ಮೂಗಿಗೆ ಬಡಿದು ನಾನು ಒಬ್ಬನೇ ನಗತೊಡಗಿದೆ. "ಯಾಕ್ರಿ, ನನ್ನ ಕಾಲು ನೋಡಿ ನಗಾಕತ್ತೀರೇನು?" ಎಂದು ಗದರಿದಳು. ಕಾಲಿನ ಸುದ್ದಿಯಲ್ಲ ಎಂದು ಹೇಳಹೋದೆ, ಮುಂದಿನ ಮಾತು ಹೊರಡಲಿಲ್ಲ. ಅರವತ್ತು ವರ್ಷ ಬಾಯಿಗೆ ಬಾರದ್ದು ಅಂದು ಹೇಗೆ ಬಂದೀತು? ನಿಮ್ಮ ಮುಂದೆ ಹೇಳುತ್ತೇನೆ. ನೀವು ಹೇಗೂ ನನ್ನ ಮುಖ ಕಂಡವರಲ್ಲ.

ಆಗ ನನಗೆ ಇಪ್ಪತ್ನಾಲ್ಕು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ತಾಂಬಾದ ಸಾಲೆಯಲ್ಲಿ ಮಾಸ್ತರ. ಶರೀರದ ಪಾಠವನ್ನೂ ಮಾಡುತ್ತಿದ್ದೆ, ನಗಬೇಡಿ. ಹೃದಯ, ಪುಪ್ಪುಸ, ಜಠರ ಎಲ್ಲವನ್ನೂ ಹಲಗೆಯ ಮೇಲೆ ಬಣ್ಣಬಣ್ಣದಲ್ಲಿ ಬರೆಯುತ್ತಿದ್ದೆ. ಜಠರದ ಕೆಳಗೆ ಚಿತ್ರ ನಿಲ್ಲುತ್ತಿತ್ತು. ನನ್ನ ತಿಳಿವಳಿಕೆಯೂ ಅಲ್ಲಿಗೇ ನಿಂತಿತ್ತು.

ಬಸವನ ಬಾಗೇವಾಡಿಯ ಹುಡುಗಿಯ ಜೊತೆ ಲಗ್ನ ಗೊತ್ತಾಗಿತ್ತು. ಮುಹೂರ್ತಕ್ಕೆ ಇನ್ನೂ ಮೂರು ತಿಂಗಳಿದ್ದರೂ ಅವರ ಮನೆಯಲ್ಲಿ ಆಗಲೇ ಶಾವಿಗೆ ಹೊಸೆಯುತ್ತಿದ್ದಾರೆಂದು ಸುದ್ದಿ ಬಂದಿತ್ತು. ನನಗೋ ಒಂದು ತ್ರಾಸು. ಮುಂದೊಗಲು ಬಿಗಿ, ಹಿಂದೆ ಸರಿಯುತ್ತಲೇ ಇರಲಿಲ್ಲ. ಇದು ಎಲ್ಲರಿಗೂ ಹೀಗೆಯೋ, ನನಗೊಬ್ಬನಿಗೋ? ಯಾರನ್ನು ಕೇಳಲಿ? ದಿನ ಹತ್ತಿರ ಬಂದವಲ್ಲ ಎಂದು ಒಮ್ಮೆ ಬಚ್ಚಲಲ್ಲಿ ಜಬರದಸ್ತಿ ಮಾಡಿದೆ. ಸೀಳಿ ರಕ್ತ ಬಂತು. ಗಾಯ ಮಾಯಿತು, ಆದರೆ ಬಿಗಿ ಮೊದಲಿಗಿಂತ ಹೆಚ್ಚಾಯಿತು. ಇಂಥವನು ಸಂಸಾರಕ್ಕೆ ನಾಲಾಯಕ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. "ನನಗೆ ಲಗ್ನ ಬೇಡ. ಕಾರಣ ಕೇಳಬೇಡಿರಿ" ಎಂದು ಬೀಗರಿಗೆ ಎರಡು ಸಾಲಿನ ಪತ್ರ ಬರೆದೆ. ಬರೆಯುವಾಗ ಕಣ್ಣೀರೂ ಬಂತು, ಎಲ್ಲ ನನ್ನ ಸಲುವಾಗಿಯೇ.

ಪತ್ರ ಹಾಕುವ ಮೊದಲು ಒಂದು ಘನವಾದ ಉಪಾಯ ಹೊಳೆಯಿತು. ನಮ್ಮ ಸಾಲೆಯಲ್ಲೇ ಮಾಸ್ತರನಾಗಿದ್ದ ಹುಸೇನಸಾಬ ನನ್ನ ಜೀವದ ಗೆಳೆಯ, ಸಿಂದಗಿಯವನು. ಅವರ ಮನೆಗಳಲ್ಲಿ ಸುಂತಿ ಮಾಡಲು ಒಬ್ಬ ಹಜಾಮ ಬರುತ್ತಿದ್ದ. ಅವನನ್ನೇ ಗುಟ್ಟಾಗಿ ಕರೆಸಿ ತೊಗಲು ತೆಗೆಸಿಬಿಟ್ಟರೆ? ಜಾತಿ ಹೋಗುತ್ತದೆಂಬ ಅಂಜಿಕೆ ಇತ್ತು. ಆದರೂ ಜಾತಿಗಿಂತ ಮಾನ ದೊಡ್ಡದೆನಿಸಿ, ಸಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ಅವನಿಗೆ ಎಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಗುತ್ತಾನೆ ಎಂದುಕೊಂಡಿದ್ದೆ. ಅವನು ನಗಲಿಲ್ಲ, ಬೈದ.

"ಹುಚ್ಚ ಹಿಡದೈತೇನ್ಲೇ ನಿನಗ? ನಾವು ಮಾಡಿಸ್ಕೊಳ್ಳೂದು ದೀನದ ಸಲುವಾಗಿ, ಅದು ನಮ್ಮ ಧರ್ಮ. ನಿಂದು ಬ್ಯಾನಿ. ಬ್ಯಾನಿ ಅಂದಮ್ಯಾಲ ಡಾಕ್ಟರ ಕಡೆ ಹೋಗಬೇಕು." ಕೈಯಲ್ಲಿದ್ದ ಪತ್ರವನ್ನು ಕಿತ್ತುಕೊಂಡು ತನ್ನ ಜೇಬಿಗೆ ಹಾಕಿಕೊಂಡ. "ಅವರು ಏನಂತಾರ ಕೇಳ್ಕೊಂಡು ಬಾ. ಆಮ್ಯಾಲ ಬೇಕಾದ್ರ ನಾನ ಇದನ್ನ ಡಬ್ಬಿಗೆ ಹಾಕ್ತೇನಿ."

ಯಾವ ಡಾಕ್ಟರು? ಇಂಡಿಗೆ ಹೋದರೆ ಸಾಲೆಯ ಹುಡುಗರ ಅಪ್ಪಂದಿರು ಸಿಗುತ್ತಾರೆ. ಸಿಂದಗಿಯಲ್ಲಿ ಹುಸೇನನ ಬಳಗ. ಬಾಗೇವಾಡಿಯಂತೂ ಬೀಗರ ಊರು. ಕಡೆಗೆ ಬಸ್ಸು ಬದಲಿಸುತ್ತ ಮುದ್ದೇಬಿಹಾಳಕ್ಕೆ ಹೋದೆ. ಅಲ್ಲಿ ನನ್ನ ಗುರುತಿನ ಒಂದು ನಾಯಿಯೂ ಇರಲಿಲ್ಲ. ಕಂಪೌಂಡರ ನನ್ನ ಊರು, ನೌಕರಿ ಬರೆದುಕೊಂಡು ಒಳಗೆ ಬಿಟ್ಟ.

ಡಾಕ್ಟರರು ವಯಸ್ಸಾದವರು. "ಏನ್ ತ್ರಾಸ?" ಎಂದರು.

"ಹೊಟ್ಟಿ ನೋವ್ರಿ" ಎಂದೆ.

ನಾಲ್ಕೂ ಕಡೆ ಒತ್ತಿ ನೋಡಿದರು. "ಹೊಟ್ಟಿ ಚೊಲೋ ಐತಿ. ಹೊಟ್ಟಿ ತೋರಸಾಕ ತಾಂಬಾದಿಂದ ಇಲ್ಲೀತನ ಯಾರೂ ಬರೂದಿಲ್ಲ, ಮಾಸ್ತರ. ಖರೇ ಹೇಳ್ರಿ."

ಗೋಡೆಯ ಕ್ಯಾಲೆಂಡರ್ ನೋಡುತ್ತ ಖರೇ ಹೇಳಿದೆ. ಪರೀಕ್ಷೆ ಎರಡು ನಿಮಿಷದಲ್ಲಿ ಮುಗಿಯಿತು. ಅವರು ಕೈ ತೊಳೆಯುತ್ತ, "ಇಷ್ಟಕ್ಕ ಅಂಜೀರಿ? ಇದಕ್ಕಂತ ಭಾಳ ಮಂದಿ ಬರ್ತಾರ. ಎಲ್ಲಾರಿಗೂ ಮೊದಲ ಹೊಟ್ಟಿನ ನೋಯತೈತಿ" ಎಂದರು. ಭಾಳ ಮಂದಿ! ಆ ಎರಡು ಮಾತು ಕೇಳಿ ನನ್ನ ಅರ್ಧ ಬ್ಯಾನಿ ಅಲ್ಲೇ ಹೋಯಿತು.

"ಕೊಯ್ಯಬೇಕೇನ್ರಿ? ಹಂಗಾದ್ರ ನನ್ನ ಜಾತಿ..."

"ಔಷಧಕ್ಕ ಬಗ್ಗದಿದ್ರ ಸಣ್ಣ ಆಪರೇಶನ್ ಮಾಡ್ತೇವಿ, ಅದಕ್ಕೇನೂ ಅಂಜಬೇಕಾಗಿಲ್ಲ. ಜಾತಿ ಅಲ್ಲಿ ಇರೂದಿಲ್ಲ ಬಿಡ್ರಿ. ನಿಮಗ ಸದ್ಯಕ್ಕ ಅದು ಬ್ಯಾಡ."

ಒಂದು ಮುಲಾಮು ಕೊಟ್ಟರು. ಬಿಗಿಯಾದ ಜಾಗಕ್ಕೆ ದಿನಕ್ಕೆರಡು ಸಲ ತೆಳ್ಳಗೆ ಹಚ್ಚಬೇಕು, ಹೇಳಿದಷ್ಟೇ ದಿನ. ಬೆಚ್ಚನೆಯ ನೀರಿನ ಸ್ನಾನದಲ್ಲಿ ಮೆಲ್ಲಗೆ ಸರಿಸಿ, ನೋವು ಶುರುವಾಗುವ ಮೊದಲೇ ಬಿಡಬೇಕು. ಬರೀ ನೀರಿನಿಂದ ತೊಳೆದು, ಸರಿದಷ್ಟನ್ನು ತಪ್ಪದೆ ಮುಂದಕ್ಕೆ ತರಬೇಕು. "ಹಿಂದ ಸಿಕ್ಕೊಂಡು ಬಾವು ಬಂತಂದ್ರ ನಾಳೆ ನೋಡೂಣು ಅನ್ನಬ್ಯಾಡ್ರಿ. ಅದ ತಾಸಿಗೆ ಹತ್ತಿರದ ದವಾಖಾನಿಗೆ ಓಡ್ರಿ. ಅಲ್ಲಿ ಮತ್ತ ಹೊಟ್ಟಿ ನೋವು ಅಂತ ಕುಂದರಬ್ಯಾಡ್ರಿ!" ಉಚ್ಚೆ ಕಟ್ಟಿದರೂ, ಕೆಂಪಾಗಿ ಕೀವಾದರೂ ತೋರಿಸಲೇಬೇಕೆಂದರು. ಜಬರದಸ್ತಿ ಮಾತ್ರ ಕೂಡದು ಎಂಬುದನ್ನು ಮೂರು ಸಲ ಹೇಳಿ ನನ್ನಿಂದಲೂ ಹೇಳಿಸಿದರು, ಮಗ್ಗಿ ಒಪ್ಪಿಸಿದ ಹಾಗೆ.

ಸಂಜೆ ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಹುಸೇನಸಾಬ ಕಾದು ನಿಂತಿದ್ದ. ನನ್ನ ಮುಖ ನೋಡಿದ್ದೇ, ಒಂದು ಮಾತೂ ಕೇಳದೆ, ಜೇಬಿನಿಂದ ಪತ್ರ ತೆಗೆದು ಚೂರುಚೂರು ಮಾಡಿದ. ಇಬ್ಬರೂ ಬಿಸಿ ಮಿರ್ಚಿಭಜಿ ತಿಂದೆವು. ಅಷ್ಟು ರುಚಿಯಾದ ಭಜಿ ನಾನು ಆಮೇಲೆ ಎಲ್ಲಿಯೂ ತಿಂದಿಲ್ಲ. ಎರಡು ತಿಂಗಳು ತುಂಬುವಷ್ಟರಲ್ಲಿ ಬಿಗಿ ಸಡಿಲಾಯಿತು. ಲಗ್ನ ಗೊತ್ತು ಮಾಡಿದ್ದ ಮುಹೂರ್ತಕ್ಕೇ ಆಯಿತು.

ಇಷ್ಟು ಬರೆದು ಹಾಳೆಗಳನ್ನು ಮೇಜಿನ ಮೇಲೆ ಬಿಟ್ಟು ನಿನ್ನೆ ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ನಮ್ಮಾಕೆ ಚಷ್ಮಾ ಹಾಕಿಕೊಂಡು ಎಲ್ಲ ಓದಿ ಮುಗಿಸಿದ್ದಳು. ಈಗ ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

"ಎರಡ ಸಾಲಿನ್ಯಾಗ ನನ್ನ ಬಿಡಾವ್ರಿದ್ರೇನ್ರಿ?" ಎಂದಳು. "ಹುಡುಗ್ಯಾಗ ಏನೋ ಐಬು ಐತಿ, ಅದಕ್ಕ ಬಿಟ್ಟಾನ ಅಂತಿದ್ರು ಮಂದಿ. ಮುಂದ ನನ್ನ ಯಾರು ಮಾಡ್ಕೋತಿದ್ರು? ನನ್ನ ಹಿಂದ ಇಬ್ಬರು ತಂಗೇರಿದ್ರು."

ನಾಚಿಕೆಯಾಯಿತು ನನಗೆ. ಅರವತ್ತು ವರ್ಷದಲ್ಲಿ ಒಮ್ಮೆಯೂ ಈ ವಿಚಾರ ನನ್ನ ತಲೆಗೆ ಬಂದಿರಲಿಲ್ಲ. ಅಂದು ಪಾರಾದವನು ನಾನೊಬ್ಬನೇ ಎಂದು ತಿಳಿದಿದ್ದೆ. "ತಪ್ಪಾತು" ಎಂದೆ. "ಇದನ್ನ ಹರದು ಒಗೀಲೇನು?" ಎಂದು ಕೇಳಿದೆ.

"ಹರೀಬ್ಯಾಡ್ರಿ, ಅಚ್ಚಿಗೆ ಕಳಸ್ರಿ" ಎಂದಳು. "ಇವತ್ತ ಯಾವ ಊರಾಗ ಯಾವ ಹುಡುಗಿಗೆ ಇಂಥಾ ಪತ್ರ ಬರಿಯಾಕತ್ತಾರೋ ಏನೋ."